ಗೋಡೆಯ ಮೇಲಿನ ತುತ್ತು

ವಿಮಾನದ ಇಂಧನದ ವಾಸನೆ ಬಂದರೆ ಬೇರೆಯವರಿಗೆ ಪ್ರಯಾಣ ನೆನಪಾಗುತ್ತದಂತೆ. ನನಗೆ ಅಜ್ಜಿ ಅನ್ನ ಬಸಿಯುವ ಹೊತ್ತು ನೆನಪಾಗುತ್ತದೆ. ನಗಬೇಡಿ. ಚೆನ್ನೈನ ಪಲ್ಲಾವರಂನಲ್ಲಿ ರನ್‌ವೇ ಬೇಲಿಯಿಂದ ಕೂಗಳತೆಯಲ್ಲೇ ಇತ್ತು ನಮ್ಮನೆ. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ, ಬಿಡಿ. ಗಾಳಿ ತಿರುಗಿದರೆ ಸೀಮೆಎಣ್ಣೆಯಂಥ ಆ ಘಾಟು ಅಡುಗೆಮನೆಗೇ ನುಗ್ಗಿ ಸಾರಿನ ಇಂಗಿನೊಂದಿಗೆ ಬೆರೆಯುತ್ತಿತ್ತು. ಹಿತ್ತಲಾಚೆ ಕೆರೆ, ಅದರಾಚೆ ಗದ್ದೆ, ಅಂಗಳದಲ್ಲಿ ತಾತ ನೆಟ್ಟ ಎರಡು ತೆಂಗಿನಮರ. ನಮ್ಮ ನಂಜನಗೂಡಿನ ಕಡೆ ತಿಥಿಯ ದಿನ ಮಾತ್ರ ಕಾಗೆಗೆ ಅನ್ನ ಇಡುವುದು. ತಾತ ತೀರಿಕೊಂಡ ಮೇಲೆ ಅಜ್ಜಿ ನೆರೆಯ ತಮಿಳರನ್ನು ನೋಡಿ ದಿನಾ ಇಡತೊಡಗಿದಳು. ಬಿಸಿ ಅನ್ನದ ಮೊದಲ ತುತ್ತಿಗೆ ತುಪ್ಪ ಹಾಕಿ ಕಾಂಪೌಂಡ್ ಗೋಡೆಯ ಮೇಲಿಟ್ಟು ಕರೆಯುವಳು. ಕಾಗೆ ಮುಟ್ಟುವವರೆಗೆ ನಮಗೆ ಊಟವಿಲ್ಲ. "ಪಾಟ್ಟಿ, ಲೇಟಾಚ್ಚು" ಎಂದು ನಾನು ಅಜ್ಜಿಗೆ ಶಾಲೆಯ ತಮಿಳಿನಲ್ಲಿ ರಾಗ ಎಳೆದರೆ, "ತಡ್ಕೊಳ್ಳೇ, ನಿಮ್ಮ ತಾತಂದಾಗ್ಲಿ. ಅವ್ರು ಯಾವತ್ತೂ ನಿಧಾನವೇ" ಎನ್ನುವಳು.

ವಿಮಾನಗಳು ಹೆಚ್ಚಿದವು. ಕೆರೆಗೆ ಮಣ್ಣು ಬಿತ್ತು, ಗದ್ದೆಯಲ್ಲಿ ಗೋದಾಮು ಎದ್ದಿತು, ಎತ್ತರ ಜಾಸ್ತಿ ಎಂದು ತೆಂಗಿನಮರಗಳನ್ನೂ ಉರುಳಿಸಿದರು. ಅಯ್ಯೋ, ತೆಂಗಿನಮರವನ್ನು ಸ್ವಲ್ಪ ಗಿಡ್ಡ ಮಾಡಿ ಉಳಿಸಿಕೊಳ್ಳಲಾಗುತ್ತದೆಯೇ! ಆಮೇಲೊಂದು ದಿನ ವಿಮಾನ ನಿಲ್ದಾಣದ ಕಡೆಯವರೊಬ್ಬರು ಮನೆಮನೆಗೂ ಬಂದು, ಹಕ್ಕಿ ಎಂಜಿನ್ನಿಗೆ ಸಿಕ್ಕರೆ ವಿಮಾನಕ್ಕೇ ಅಪಾಯ, ಹೊರಗೆ ಅನ್ನ ಹಾಕಬೇಡಿ ಎಂದು ಕೈಮುಗಿದರು. ಅಜ್ಜಿ ಕೆಂಡಾಮಂಡಲವಾದಳು. "ಕೆರೆ ಆಯ್ತು, ಮರ ಆಯ್ತು, ಈಗ ನಮ್ಮೆಜಮಾನ್ರ ತುತ್ತಿಗೂ ಬಂದ್ರಾ?" ಮರುದಿನ ಬೇಕೆಂದೇ ಎರಡು ತುತ್ತು ಇಟ್ಟಳು.

ಕೆಲವು ದಿನ ಕಳೆದು ಅಮ್ಮ ಆಫೀಸಿನ ಕೆಲಸಕ್ಕೆಂದು ಮೊದಲ ಸಲ ವಿಮಾನ ಹತ್ತಿದಳು. ಅದು ಹೊರಡುವುದು ಅನ್ನ ಬಸಿಯುವ ಹೊತ್ತಿಗೇ. ಅಜ್ಜಿ ತುತ್ತು ಹಿಡಿದು ಅಂಗಳಕ್ಕೆ ಬಂದಳು, ಹಿಂದೆ ನಾನು. ಕಾಗೆ ಆಗಲೇ ಗೋಡೆಯ ಮೇಲೆ ಕೂತು ಕಾಯುತ್ತಿತ್ತು. ಬೇಲಿಯಾಚೆ ವಿಮಾನದ ಮೊರೆತ ಏರತೊಡಗಿತು. ಅಜ್ಜಿ ಆ ಕಡೆ ನೋಡಿದಳು, ಕಾಗೆಯನ್ನು ನೋಡಿದಳು, ಮುಷ್ಟಿ ಮುಚ್ಚಿಕೊಂಡಳು.

"ರೀ, ಮಗಳು ಅದರಲ್ಲಿದ್ದಾಳೆ. ಇನ್ಮೇಲೆ ಇಲ್ಲಿಗೆ ಬರ್ಬೇಡಿ. ಹೋಗಿ."

ಕಾಗೆ ಕತ್ತು ಕೊಂಕಿಸಿತಷ್ಟೇ. ತಾತನಿಗೆ ಒಂದು ದಿನವೂ ಎದುರು ಮಾತಾಡದ ಅಜ್ಜಿ ಸೆರಗು ಬೀಸಿ, "ಹೋಗಿ ಅಂದ್ರೆ!" ಎಂದು ಗದರಿದಳು. ಕಾಗೆ ಹಾರಿತು. ವಿಮಾನವೂ ನಮ್ಮ ತಲೆಯ ಮೇಲೆ ಹಾದು ಸಣ್ಣದಾಯಿತು. ಒಳಗೆ ಕರೆಯಲೆಂದು ಅಜ್ಜಿಯ ಕೈ ಹಿಡಿದೆ. ಮುಷ್ಟಿಯಲ್ಲಿ ಅನ್ನ ಇನ್ನೂ ಬಿಸಿಯಾಗಿತ್ತು.

"ಹಸ್ಕೊಂಡೇ ಹೋದ್ರು ಕಣೇ" ಎಂದಳು.