ಸೀಗೆಪುಡಿ ಬಟ್ಟಲಿನ ಸಿಂಹ

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದನ್ನು ನಮ್ಮ ಅತ್ತೆ ನಾನು ಮದುವೆಯಾಗಿ ಬಂದ ಹೊಸದರಲ್ಲೇ ಕಂಡುಕೊಂಡಿದ್ದರು. ಹಾಗಿದ್ದೂ ಹೋದ ದೀಪಾವಳಿಯಲ್ಲಿ ನನಗೊಂದು ಗುಟ್ಟು ಒಪ್ಪಿಸಿ, ಹಬ್ಬದ ತನಕ ತುಟಿ ಬಿಚ್ಚಬೇಡ ಎಂದರು. ಅದೂ ಎಂಥ ಗುಟ್ಟು! ಪೇಪರಿಗೆ ಕೊಡುವಂಥದ್ದು.

ಆ ವರ್ಷ ಬೆಳ್ಳಿಯ ದರ ಏರಿದ್ದೇ ಏರಿದ್ದು. ಪುಣೆಯ ಸದಾಶಿವ ಪೇಠದ ನಮ್ಮ ಕಟ್ಟಡದಲ್ಲಿ ಲಿಫ್ಟಿನೊಳಗೆ ಅದೇ ಮಾತು, ತರಕಾರಿ ಗಾಡಿಯ ಮುಂದೆ ಅದೇ ಮಾತು. ನಾನೂ ಹುರುಪಿನಿಂದ ಮನೆಯ ಬೆಳ್ಳಿಯನ್ನೆಲ್ಲ ಹೊರಗೆ ತೆಗೆದೆ. ಹೇಗೂ ಹಬ್ಬಕ್ಕೆ ಬೆಳಗಬೇಕು. ಹುಣಸೆಹಣ್ಣಿನಲ್ಲಿ ತಾಟು, ಲೋಟ, ನೀಲಾಂಜನ ಎಲ್ಲ ಬೆಳಗಿ ಮುಗಿಸಿದ ಮೇಲೆ ಕೈ ಇನ್ನೂ ಸುಮ್ಮನಿರಲಿಲ್ಲ. ಬಚ್ಚಲಿನಲ್ಲಿದ್ದ ಸೀಗೆಪುಡಿಯ ಬಟ್ಟಲನ್ನೂ ಎತ್ತಿಕೊಂಡು ಬಂದೆ.

ಅಂಗೈಯಗಲದ ಬಟ್ಟಲು. ಎರಡೂ ಬದಿಗೆ ಹಿಡಿಕೆ, ಕೆಳಗೆ ನಾಲ್ಕು ಡೊಂಕು ಕಾಲು, ಮೈಯೆಲ್ಲ ಇದ್ದಿಲ ಕಪ್ಪು. ಅದರ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅತ್ತೆಯ ಅಪ್ಪ ವಿಜಯಪುರದ ಕಡೆಯಿಂದ ಪುಣೆಗೆ ಬಂದು, ಕ್ಯಾಂಪ್ ಬಡಾವಣೆಯಲ್ಲಿ ಹಳೆಯ ಮನೆಸಾಮಾನು ಹರಾಜು ಮಾಡುವ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಊರು ಬಿಟ್ಟು ಹೋಗುವ ದೊಡ್ಡ ಮನೆಗಳವರ ಸಾಮಾನು ಅಲ್ಲಿ ಮಾರಾಟಕ್ಕೆ ಬರುತ್ತಿತ್ತು. ಮಗಳ ಮದುವೆಗೆಂದು ಈ ಬಟ್ಟಲನ್ನು ಅಲ್ಲಿಂದಲೇ ಕೊಂಡು, ಪಾತ್ರೆ ಅಂಗಡಿಯಲ್ಲಿ ತಳಕ್ಕೆ ಚುಕ್ಕಿ ಚುಕ್ಕಿಯಾಗಿ ತಮ್ಮ ಹೆಸರು ಕೊರೆಸಿ, ಬೆಳ್ಳಿಯದು ಎಂದು ಹೇಳಿ ಬೀಗರ ಕೈಗೆ ಕೊಟ್ಟಿದ್ದರು.

ಬೀಗರು ತಮ್ಮ ಮನೆಯ ಪದ್ಧತಿಯಂತೆ ಪರೀಕ್ಷೆ ಮಾಡಿದರು. ಆ ಮನೆಯಲ್ಲಿ ಬೆಳ್ಳಿ ಎಂದರೆ ಎರಡು ಹೆಬ್ಬೆರಳಿನಲ್ಲಿ ಅಂಚು ಒತ್ತಿದರೆ ಬಾಗಬೇಕು. ಅವರ ತಾಟುಗಳೆಲ್ಲ ಹಾಗೆ ಬಾಗುವಂಥವೇ. ಈ ಬಟ್ಟಲು ಬಾಗಲಿಲ್ಲ. ಅತ್ತೆಯ ನಾದಿನಿ, ಆಗಿನ್ನೂ ಲಂಗ ಉಡುವ ಹುಡುಗಿ, ಹಲ್ಲಿನಲ್ಲಿ ಕಚ್ಚಿ ನೋಡಿ "ಇದು ಜರ್ಮನ್ ಸಿಲ್ವರ್ ಅದ!" ಎಂದು ಮಂಟಪದಲ್ಲೇ ಕೂಗಿದರಂತೆ. ಜರ್ಮನ್ ಸಿಲ್ವರ್ ಎಂದರೆ ಹೆಸರಿಗಷ್ಟೇ ಬೆಳ್ಳಿ. ಅಂದಿನಿಂದ ಅತ್ತೆಯ ಅಪ್ಪ ಈ ಮನೆಯಲ್ಲಿ ಜರ್ಮನ್ ಬೀಗರಾದರು. ಬಟ್ಟಲು ಬಚ್ಚಲು ಸೇರಿತು. ಅಪ್ಪ ಮೋಸ ಮಾಡಿದನೋ, ತಾನೇ ಮೋಸ ಹೋದನೋ ಎಂಬುದು ಅತ್ತೆಗೂ ತಿಳಿಯಲೇ ಇಲ್ಲ. ಕೇಳಲು ಬಾಯಿ ಬರಲಿಲ್ಲ, ಅಪ್ಪ ತೀರಿಯೂ ಹೋದರು.

ಈ ಕಪ್ಪು ಹುಣಸೆಹಣ್ಣಿಗೆ ಜಗ್ಗಲಿಲ್ಲ. ಮಗನ ಡಬ್ಬಿಯ ಚಪಾತಿಗೆ ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ಬೋಗುಣಿಯಲ್ಲಿ ಹಾಸಿ, ಅಡುಗೆ ಸೋಡಾ ಉದುರಿಸಿ, ಕುದಿಯುವ ನೀರು ಸುರಿದು ಬಟ್ಟಲನ್ನು ಮುಳುಗಿಸಿದೆ. ಅಡುಗೆಮನೆಯ ತುಂಬ ಕೊಳೆತ ಮೊಟ್ಟೆಯ ವಾಸನೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ತವರಿನವರನ್ನೆಲ್ಲ ನೆನೆಸಿಕೊಳ್ಳುತ್ತ ಹೊರಗೆ ಹೋದರು. ನಾನು ಬಟ್ಟಲನ್ನು ಎತ್ತಿ ಒರೆಸಿದೆ. ಬಿಳುಪೆಂದರೆ ಬಿಳುಪು! ಮೇಲೆ ಬರೀ ಬೆಳ್ಳಿಯ ನೀರು ಕುಡಿಸಿದ್ದರೆ ಇಷ್ಟು ವರ್ಷದ ಬಳಕೆಗೆ ಅಂಚು ಸವೆದು ಒಳಗಿನ ಬೇರೆ ಬಣ್ಣ ಇಣುಕಬೇಕಿತ್ತು. ಎಲ್ಲೂ ಇಣುಕಲಿಲ್ಲ. ತಿರುವಿ ತಳ ನೋಡಿದೆ. ಹೆಸರಿನ ಚುಕ್ಕಿಗಳ ನಡುವೆ ಏನೋ ಇತ್ತು. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದೆ. ಒಂದು ಸಿಂಹ, ಮುಂಗಾಲು ಎತ್ತಿ ನಡೆಯುತ್ತಿತ್ತು!

ನಾನು ಚೀರಿದ ಚೀರಿಗೆ ಅತ್ತೆ ಹಲ್ಲಿ ಬಿತ್ತೆಂದು ತಿಳಿದು ಕಸಬರಿಗೆ ಹಿಡಿದು ಓಡಿಬಂದರು.

"ಅತ್ತೀ, ಸಿಂಹ ಅದರಿ! ಅದರ ಬಾಜೂಕ ಹಡಗಿನ ಲಂಗರ ಅದ, ಒಂದು ಅಕ್ಷರಾನೂ ಅದ!"

"ಏ ಹುಡಿಗಿ, ಸಿಂಹ ಇದ್ರ ಏನಾತು? ಬೀಡಿ ಕಟ್ಟಿನ ಮ್ಯಾಲೂ ಇರ್ತದ."

ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಅತ್ತೆಗೆ ಬೇರೆ ಸೀರೆ ಉಡಿಸಿ ಹೊರಡಿಸಿಕೊಂಡು, ಬಟ್ಟಲನ್ನು ಟವೆಲ್ಲಿನಲ್ಲಿ ಸುತ್ತಿ, ರಿಕ್ಷಾ ಹಿಡಿದು ಕ್ಯಾಂಪಿಗೆ ಹೋದೆ. ಹಳೆಯ ಬೆಳ್ಳಿ ಸಾಮಾನು ಕೊಳ್ಳುವ ಅಂಗಡಿ ಅಲ್ಲೊಂದಿತ್ತು. ಅಂಗಡಿಯವರು ಕಣ್ಣಿಗೆ ಭೂತಗನ್ನಡಿ ಇಟ್ಟು ತಳ ನೋಡಿದರು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡಿದ್ದರು, ಉಗುರು ಚುಚ್ಚುವಷ್ಟು ಬಿಗಿಯಾಗಿ.

"ಅಸ್ಸಲ್ ಚಾಂದಿ ಆಹೆ, ಆಜಿ," ಎಂದರು ಅವರು. ಅಪ್ಪಟ ಬೆಳ್ಳಿ!

ಆಮೇಲೆ ಅವರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಲಂಗರು ಎಂದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು, ಅಕ್ಷರವೆಂದರೆ ಪರೀಕ್ಷೆಯಾದ ವರ್ಷ, ನಡೆಯುವ ಸಿಂಹವೆಂದರೆ ಸ್ಟರ್ಲಿಂಗ್ ದರ್ಜೆಯ ಬೆಳ್ಳಿ. ಸಾವಿರ ಪಾಲಿನಲ್ಲಿ ಒಂಬೈನೂರ ಇಪ್ಪತ್ತೈದು ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಆ ತಾಮ್ರದಿಂದಲೇ ಗಟ್ಟಿತನ. ಇದು ಚಹಾದ ಜೊತೆ ಸಕ್ಕರೆ ಇಡುವ ಬಟ್ಟಲು, ಹೆಬ್ಬೆರಳಿಗೆ ಬಾಗಬಾರದೆಂದೇ ಹಾಗೆ ಮಾಡಿದ್ದು. ಅಂದರೆ ಬೀಗರು ಯಾವುದನ್ನು ಖೋಟಾ ಎಂದುಕೊಂಡರೋ ಅದೇ ಇದರ ಗುಣ! ಸಂತೋಷದ ಜೊತೆಗೇ ನನಗೆ ಕೆಟ್ಟ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡುವುದು, ನುಂಗಿಕೊಂಡೆ.

ಬೆಲೆ ಎರಡು ಥರ, ಎಂದರು ಅಂಗಡಿಯವರು. ಕರಗಿಸಿದರೆ ತೂಕಕ್ಕೆ ತಕ್ಕಷ್ಟು. ಹಳೆಯ ವಸ್ತುವೆಂದು ಇಟ್ಟುಕೊಳ್ಳುವವರು ಅದಕ್ಕಿಂತ ಹೆಚ್ಚು ಕೊಡುತ್ತಿದ್ದರು, ಆದರೆ ಯಾರೋ ಗುರುತಿನ ಮೇಲೆಯೇ ಚುಕ್ಕಿ ಹೊಡೆಸಿಬಿಟ್ಟಿದ್ದಾರೆ. ನಾನು ಹೆಸರು ಅಳಿಸಲು ಬರುತ್ತದೆಯೇ ಎಂದು ಕೇಳಿಬಿಟ್ಟೆ. ಉಜ್ಜಿ ಅಳಿಸಬಹುದು, ಆದರೆ ಸಿಂಹವೂ ಅದರ ಜೊತೆಗೇ ಹೋಗುತ್ತದೆ ಎಂದರು.

ಅತ್ತೆ ಬಟ್ಟಲನ್ನು ಅವರ ಕೈಯಿಂದ ತೆಗೆದುಕೊಂಡು ಟವೆಲ್ಲಿನಲ್ಲಿ ಸುತ್ತಿದರು. ರಿಕ್ಷಾದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತರು. ಮನೆ ಹತ್ತಿರ ಬಂದಾಗ ಕೇಳಿದರು, "ಇದನ್ನ ದೇವರ ಮುಂದ ಇಡಬಹುದಲ್ಲ ಈಗ?" ನಾನು ನಕ್ಕು, ಇಡಬಹುದೇನು, ಸಾರಿಕೊಂಡೇ ಬರೋಣ, ಮೊದಲು ನಿಮ್ಮ ನಾದಿನಿಗೆ ಫೋನ್ ಮಾಡುತ್ತೇನೆ ಎಂದು ಮೊಬೈಲ್ ತೆಗೆದೆ. ಅತ್ತೆ ಅದನ್ನು ಕಸಿದುಕೊಂಡರು. "ಹಬ್ಬಕ್ಕ ಬರ್ತಾರಲ್ಲ, ಅಲ್ಲೀತನಕ ಸುಮ್ಮನಿರು."

ಹೇಗೆ ಸುಮ್ಮನಿದ್ದೆನೋ ನನಗೇ ಗೊತ್ತಿಲ್ಲ.

ಲಕ್ಷ್ಮೀಪೂಜೆಯ ಸಂಜೆ ಅತ್ತೆಯ ನಾದಿನಿ ಬಂದರು. ಕೈಕಾಲು ತೊಳೆದು ದೇವರ ಮುಂದೆ ಕುಳಿತವರೇ ಹುಬ್ಬು ಗಂಟಿಕ್ಕಿದರು. ಲಕ್ಷ್ಮಿಯ ಎದುರು, ನೀಲಾಂಜನದ ಪಕ್ಕದಲ್ಲಿ, ಬತ್ತಾಸು ತುಂಬಿದ ಬಟ್ಟಲು ನಾಲ್ಕು ಕಾಲಿನ ಮೇಲೆ ನಿಂತು ಹೊಳೆಯುತ್ತಿತ್ತು.

"ಇದೇನ್ರಿ ವೈನಿ, ಬಚ್ಚಲದಾಗಿನ ಜರ್ಮನ್ ಬಟ್ಟಲಾ ಲಕ್ಷ್ಮೀ ಮುಂದ?"

"ತಿರುವಿ ನೋಡ್ರಿ," ಎಂದರು ಅತ್ತೆ.

ನಾನು ಬತ್ತಾಸನ್ನು ತಟ್ಟೆಗೆ ಸುರಿದು, ಇದಕ್ಕೆಂದೇ ಕೊಂಡು ತಂದಿದ್ದ ಭೂತಗನ್ನಡಿ ಕೊಟ್ಟು, ಸಿಂಹ, ಲಂಗರು, ಸ್ಟರ್ಲಿಂಗ್, ತಾಮ್ರ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಇಷ್ಟು ದಿನ ಹಿಡಿದಿಟ್ಟದ್ದು ಅಣೆಕಟ್ಟು ಒಡೆದಂತೆ ಬಂತು. ನಾದಿನಿ ಬಹಳ ಹೊತ್ತು ತಳವನ್ನೇ ನೋಡಿದರು. "ನಾನಽ ಅಲ್ಲೇನ್ರಿ ಕಚ್ಚಿ ನೋಡಿದಾಕಿ," ಎಂದರು ಮೆಲ್ಲಗೆ.

ಅತ್ತೆ ಹಂಗಿಸುತ್ತಾರೆಂದು ನಾನು ಕಾದೆ. ನಾನಾಗಿದ್ದರೆ ಬಿಡುತ್ತಿರಲಿಲ್ಲ. ಅತ್ತೆ ದೀಪದ ಬತ್ತಿ ಸರಿಮಾಡುತ್ತ ಹೇಳಿದರು:

"ನಮ್ಮಪ್ಪ ಬಂದಾಗೊಮ್ಮೆ ಕೇಳತಿದ್ದ, 'ನನ್ನ ಬಟ್ಟಲಾ ಎಲ್ಲಿ ಇಟ್ಟೀಯವ್ವಾ' ಅಂತ. 'ದೇವರ ಮುಂದ ಅದ ಅಪ್ಪಾ' ಅಂತಿದ್ದೆ. ಅವ ಕೈಕಾಲು ತೊಳಿಯಾಕ ಹೋಗೂದ್ರಾಗ ಬಚ್ಚಲಕ್ಕ ಓಡಿಹೋಗಿ, ಸೀಗೆಪುಡಿ ಸುರುವಿ, ಸೆರಗಿನ್ಯಾಗ ಮುಚ್ಚಿಗೊಂಡು ತಂದು ದೇವರ ಮುಂದ ಇಡತಿದ್ದೆ. ಇವತ್ತ ಖರೆ ಆತು ನೋಡ್ರಿ."

ನಾದಿನಿ ಬಟ್ಟಲನ್ನು ಮತ್ತೆ ಇದ್ದಲ್ಲೇ ಇಟ್ಟು, ಒಂದೊಂದೇ ಬತ್ತಾಸು ತುಂಬಿದರು. ಆಮೇಲೆ ಬೆರಳಿಗೆ ಕುಂಕುಮ ಹಚ್ಚಿಕೊಂಡು, ಲಕ್ಷ್ಮಿಗೆ ಇಡುವ ಮೊದಲು ಆ ಬಟ್ಟಲಿಗೆ ಇಟ್ಟರು.