ಸಾಹೇಬರ ಕಣ್ಣು

ಯಲಬುರ್ಗಾದ ಕಚೇರಿಯಲ್ಲಿ ಸಾಹೇಬರಿಂದ ಬೈಸಿಕೊಂಡ ದಿನಗಳಲ್ಲೆಲ್ಲ ನಾನು ಹೆಬ್ಬೆರಳಷ್ಟು ಉದ್ದದ ಕಟ್ಟಿಗೆಯ ಗೊಂಬೆಗೆ ಬಣ್ಣ ಹಚ್ಚುತ್ತೇನೆ. ಮೀಸೆ ತಿದ್ದಿ ಅಂಗಿಗೆ ಗುಂಡಿ ಇಡುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಅವತ್ತು ಕೊಪ್ಪಳದ ಬಸ್ ನಿಲ್ದಾಣದಲ್ಲಿ ಕೂತು ಸಾಹೇಬರದೇ ಗೊಂಬೆ ಮಾಡುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜ ಬಗ್ಗಿ ನೋಡಿದರು. ಕಿನ್ನಾಳದವರಂತೆ, ಗೊಂಬೆ ಮಾಡುವ ಮನೆತನ.

“ಯಾರ್ರಿ ಇವ್ರು?”

“ನಮ್ಮ ಸಾಹೇಬ್ರು.”

“ಮೀಸಿ ಛಲೋ ಬಂದೈತಿ. ಕಣ್ಣ ಯಾಕ ಬರದಿಲ್ಲ?”

“ಬ್ಯಾಡ್ರಿ ಯಜ್ಜಾ. ಕಚೇರ್‍ಯಾಗ ದಿನಾ ಕಣ್ಣು ಬಿಡ್ತಾರ. ಇಲ್ಲರ ನನ್ನ ನೋಡದಂಗ ಇರ್ಲಿ.”

ಅಜ್ಜನಿಗೆ ಇದು ಸರಿಬರಲಿಲ್ಲ. “ಕಣ್ಣ ಬರೀಲಾರದ ಗೊಂಬಿ ನಾವು ಕೈಯಿಂದ ಕೆಳಗ ಇಡೂದಿಲ್ರಿ,” ಎಂದವರೇ ಗೊಂಬೆ, ಕುಂಚ ಎರಡನ್ನೂ ಕಸಿದುಕೊಂಡರು. ನಾನು ತಡೆಯುವಷ್ಟರಲ್ಲಿ ಎರಡು ಚುಕ್ಕಿ ಬಿದ್ದಾಗಿತ್ತು.

“ನೋಡ್ರಿ, ಈಗ ಜೀವ ಬಂತು,” ಎಂದು ನನ್ನ ಮುಖದ ಮುಂದೆ ಹಿಡಿದರು.

ನಿಜವಾಗಿಯೂ ಬಂದಿತ್ತು. ಹೊತ್ತಾಗಿ ಬಂದವನನ್ನು ನೋಡುವ ಅದೇ ನೋಟ. ನಾನು ಅಭ್ಯಾಸಬಲದಿಂದ ಎದ್ದು ನಿಂತುಬಿಟ್ಟೆ.

ಈಗ ಮನೆಯ ಕಪಾಟಿನಲ್ಲಿ ಸಾಹೇಬರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ. ಇಷ್ಟು ವರ್ಷದಲ್ಲಿ ಅವರು ನನ್ನ ಮಾತು ಕೇಳಿದ್ದು ಅದೊಂದೇ.