ಮೊಣಕಾಲು ನೋಡುವ ಅಯ್ಯ

ಮಸ್ಕಿಯಲ್ಲಿ ನನ್ನ ಮನೆಗೂ ಕರಿಬಸಯ್ಯನ ಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ನಾನು ಕಿರಾಣಿ ಅಂಗಡಿಯ ಶಿವಶರಣಪ್ಪ, ಅವನು ಮಠಪತಿ ಅಯ್ಯ. ಅಯ್ಯನಾದವನನ್ನು ಏಕವಚನದಲ್ಲಿ ಬರೆಯುತ್ತಾನೆ ಎಂದು ಯಾರಾದರೂ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಎದುರಿಗೆ ‘ಅಯ್ಯಾರ’ ಎಂದೇ ಅನ್ನುತ್ತಿದ್ದೆ. ಆದರೆ ನಾವಿಬ್ಬರೂ ಒಂದೇ ಓರಗೆಯವರು, ಒಂದೇ ಓಣಿಯಲ್ಲಿ ಚಿಣ್ಣಿದಾಂಡು ಆಡಿದವರು. ಮನಸ್ಸಿನೊಳಗೆ ಅವನು ನನಗೆ ಯಾವತ್ತೂ ಕರಿಬಸನೇ.

ಅವನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು, ಪದ್ಮಾಸನ ಹಾಕಿಸಿ ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸುತ್ತೇವೆ. ಕೂತಂತೆಯೇ ಕುಣಿಗೆ ಇಳಿಸಿ ಮಣ್ಣು ಮಾಡುತ್ತೇವೆ. ಕೂಡಿಸುವುದು ಹೇಳಿದಷ್ಟು ಸುಲಭವಲ್ಲ. ಜೀವ ಹೋದ ಎರಡು ಮೂರು ತಾಸಿಗೆ ಮೈ ಸೆಟೆಯಲು ಶುರುವಾಗುತ್ತದೆ. ಹೊತ್ತು ಮೀರಿದರೆ ಮೊಣಕಾಲು ಮಡಚುವುದಿಲ್ಲ. ಆಗ ಇಬ್ಬರು ಗಂಡಸರು ಕೂತು ಒತ್ತಬೇಕು, ಒತ್ತಿದಾಗ ಒಂದು ಸದ್ದು ಬರುತ್ತದೆ. ಆ ಸದ್ದು ಕೇಳಿದ ಮನೆಯವರು ಸತ್ತವರಿಗಾಗಿ ಅಳುವುದನ್ನು ಬಿಟ್ಟು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಕರಿಬಸಯ್ಯನ ಕೈಯಲ್ಲಿ ಆ ಸದ್ದು ಬರುತ್ತಿರಲಿಲ್ಲ. ಅದಕ್ಕೇ ಲಿಂಗಸುಗೂರಿನಿಂದ ತುರ್ವಿಹಾಳದವರೆಗೂ ಅವನಿಗೆ ಕರೆ ಬರುತ್ತಿತ್ತು. ಮಠವೊಂದರಲ್ಲಿ ಮುದಿ ಸ್ವಾಮಿಯೊಬ್ಬರ ಹತ್ತಿರ ಆಸನ ಕಲಿತಿದ್ದನಂತೆ. ಕೇಳಿದರೆ ಅರ್ಧ ಸ್ವಾಮಿಗಳು ಕಲಿಸಿದರು, ಇನ್ನರ್ಧ ಸತ್ತವರು ಕಲಿಸಿದರು ಅನ್ನುತ್ತಿದ್ದ. ಯಾವ ಕೀಲು ಎಲ್ಲಿ ಬಿಗಿದಿದೆ ಎಂಬುದನ್ನು ಸತ್ತವರು ಸುಳ್ಳು ಹೇಳದೆ ತೋರಿಸುತ್ತಾರಂತೆ. ಇಂಥ ಮಾತು ಆಡುವವನ ಪಕ್ಕದ ಮನೆಯಲ್ಲಿ ಬಾಳ್ವೆ ಮಾಡುವುದು ಏನೆಂದು ನನ್ನನ್ನು ಕೇಳಿ.

ಇದರಿಂದ ಅವನಿಗೊಂದು ಚಟ ಅಂಟಿತ್ತು. ಬದುಕಿದವರ ಮೊಣಕಾಲು ನೋಡುವುದು. ಅಂಗಡಿಗೆ ಬಂದರೆ ಬೆಲ್ಲ ನೋಡುತ್ತಿರಲಿಲ್ಲ, ತಕ್ಕಡಿ ನೋಡುತ್ತಿರಲಿಲ್ಲ, ಬಗ್ಗಿ ನನ್ನ ಕಾಲು ನೋಡುತ್ತಿದ್ದ. ನಿತ್ಯ ಮುಖ ತೊಳೆದಂತೆ ನಿತ್ಯ ಕೀಲುಗಳನ್ನೂ ಮಡಚಿ ಬಿಚ್ಚಬೇಕು, ಮುಂಜಾನೆ ಎದ್ದು ಅರ್ಧ ತಾಸು ನೆಟ್ಟಗೆ ಕೂತು ಉಸಿರಾಡಿದರೆ ಹಸಿವು ನಿದ್ದೆ ಎರಡೂ ಚೆನ್ನಾಗಿರುತ್ತವೆ, ಮೈ ಹಗುರವಾಗುತ್ತದೆ ಎನ್ನುತ್ತಿದ್ದ. ಅಲ್ಲಿಗೆ ನಿಲ್ಲಿಸಿದ್ದರೆ ಊರೆಲ್ಲ ಕೇಳುತ್ತಿತ್ತೇನೋ. ಆದರೆ ಕೊನೆಗೆ ಒಂದು ಮಾತು ಸೇರಿಸುತ್ತಿದ್ದ: ದಿನಾ ಮಡಚಿದ ಕಾಲು ಕೊನೆಗಾಲಕ್ಕೂ ಮಡಚುತ್ತದೆ, ನಿಮ್ಮನ್ನು ಕೂಡಿಸುವವರಿಗೂ ತ್ರಾಸಾಗುವುದಿಲ್ಲ. ಚಹಾ ಕುಡಿಯುತ್ತ ಕೂತವನಿಗೆ ಇಂಥ ಮಾತು ಹೇಳಿದರೆ ಚಹಾ ಗಂಟಲಲ್ಲಿ ಇಳಿಯುತ್ತದೆಯೇ?

ಹೋಟೆಲಿನಲ್ಲಿ ಆದೆಪ್ಪನಿಗೆ ಹೀಗೆ ಹೇಳಿದ, ಎಂಟು ದಿನಕ್ಕೆ ಆದೆಪ್ಪ ಹೋದ. ಆಮೇಲೆ ಗೌಡರ ಓಣಿಯ ಮುದುಕಿಗೆ ಹೇಳಿದ, ಆಕೆಯೂ ಅಮಾವಾಸ್ಯೆ ಕಾಣಲಿಲ್ಲ. ಆ ಇಬ್ಬರೂ ಎಪ್ಪತ್ತು ದಾಟಿದವರು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಅಯ್ಯ ಮೊಣಕಾಲು ನೋಡಿದರೆ ಮುಗಿಯಿತು ಎಂದು ಮಾತು ಹಬ್ಬಿತು. ಅವನು ಬರುವುದು ಕಂಡರೆ ಗಂಡಸರು ಬೆಂಚಿನ ಕೆಳಗೆ ಕಾಲು ಎಳೆದುಕೊಳ್ಳುವರು, ಹೆಂಗಸರು ಸೀರೆಯ ನೆರಿಗೆ ಜಗ್ಗಿಕೊಳ್ಳುವರು. ನಾನು ಅಂಗಡಿಯಲ್ಲಿ ತೊಡೆಯ ಮೇಲೆ ಗೋಣಿಚೀಲ ಹೊದ್ದುಕೊಂಡು ಕೂರತೊಡಗಿದೆ. ನಗಬೇಡಿ, ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ.

ಅವನ ನಿಜವಾದ ಚಿಂತೆ ಮಾತ್ರ ಮನೆಯೊಳಗಿತ್ತು. ಹೆಂಡತಿ ಪಾರ್ವತೆಮ್ಮ. ನಿಜಾಮನ ರಜಾಕಾರರ ಗದ್ದಲದ ವರ್ಷ ನಾವು ಊರ ಜನ ಮಲ್ಲಯ್ಯನ ಗುಡ್ಡ ಹತ್ತಿ ಕಲ್ಲುಸಂದಿಯಲ್ಲಿ ಅಡಗಿದ್ದೆವು. ಐದು ದಿನ ಮಳೆ. ಆ ತಂಪು ಪಾರ್ವತೆಮ್ಮನ ಮೊಣಕಾಲಿಗೆ ಇಳಿದದ್ದು ಮತ್ತೆ ಏರಲಿಲ್ಲ. ಇಳಿದು ಬಂದ ಮೇಲೆ ಆಕೆ ನಿಂತೇ ರೊಟ್ಟಿ ಬಡಿಯುವಳು, ನಿಂತೇ ಉಣ್ಣುವಳು, ಮಲಗಿದರೆ ಎರಡು ಕಾಲೂ ತೊಲೆಯ ಹಾಗೆ ನೀಟ. ಕರಿಬಸಯ್ಯ ದಿನಾ ಕೂಡಿಸುತ್ತೇನೆ ಎಂದರೆ ಆಕೆ ಬಿಲ್‌ಕುಲ್ ಒಪ್ಪುತ್ತಿರಲಿಲ್ಲ. ಜೀವ ಇರುವಾಗಲೇ ನನ್ನ ಕುಣಿಯ ಅಳತೆ ತೆಗೆಯಬೇಡಿ ಎಂದು ಅಳುತ್ತಿದ್ದಳು.

ಒಂದು ಸಂಜೆ ಗೋಡೆಯಾಚೆ ಮಾತು ಕೇಳಿತು. ಕದ್ದು ಕೇಳಲಿಲ್ಲ, ಗೋಡೆ ಅಷ್ಟು ತೆಳುವಾಗಿತ್ತು.

“ನಮ್ಮಪ್ಪನ ಮೊಣಕಾಲು ನಾನ ಮುರದೀನಿ,” ಎಂದ ಕರಿಬಸಯ್ಯ. “ಆಗ ನನಗ ಇಪ್ಪತ್ತು ವರ್ಷ, ಏನೂ ತಿಳೀತಿರಲಿಲ್ಲ. ಆ ಸಪ್ಪಳ ಇನ್ನೂ ನನ್ನ ಅಂಗೈಯಾಗ ಐತಿ. ನೀ ಹೋದಮ್ಯಾಲೆ ನಿನ್ನ ಕಾಲು ಮುರಿಯಾಕ ನನ್ನಿಂದ ಆಗಂಗಿಲ್ಲ ಪಾರ್ವತಿ. ನೀ ಇದ್ದಾಗ ಮಡಚತೀನಿ. ಜಲ್ಮದಾಗ ಇದೊಂದ ಕೇಳಾಕತ್ತೀನಿ.”

ಆಮೇಲೆ ಆಕೆ, “ನೀವ ಮುಂದ ಹೋದ್ರ?” ಎಂದಳು. ತನ್ನ ಚಿಂತೆ ಬೇಡ, ಮೂವತ್ತು ವರ್ಷ ತಪ್ಪದೆ ಕೂತ ಕಾಲು ಇವು, ಬಟ್ಟೆ ಮಡಚಿದಂತೆ ಮಡಚುತ್ತವೆ ಎಂದು ಅವನು ನಕ್ಕ.

ಮರುದಿನದಿಂದ ಶುರುವಾಯಿತು. ಕೋಳಿ ಕೂಗುವ ಹೊತ್ತಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಅರಿವೆ, ಔಡಲೆಣ್ಣೆ, ಮೊಣಕಾಲ ಹಿಂದಿನ ಕುಳಿಯಲ್ಲಿ ಹೆಬ್ಬೆರಳು. ಆಮೇಲೆ ಅವನ ದನಿ: “ಉಸಿರು ಹಿಡಿ. ಉಸಿರು ಬಿಡು.” ಆಕೆ ಉಸಿರು ಬಿಡುವಾಗ ಮಾತ್ರ ಒಂದು ಜೋಳದ ಕಾಳಿನಷ್ಟು ಮಡಚುವುದು, ಹಿಡಿದಾಗ ನಿಲ್ಲುವುದು. ಸತ್ತವರಿಗೂ ಹೀಗೇ ಹೇಳುತ್ತೀರಾ ಎಂದು ಒಮ್ಮೆ ಕುಚೋದ್ಯಕ್ಕೆ ಕೇಳಿದೆ. ಹೇಳುತ್ತೇನೆ ಎಂದ. ಅವನ ಮುಖದಲ್ಲಿ ನಗುವಿರಲಿಲ್ಲ.

ವರ್ಷ ಕಳೆಯಿತು. ಒಂದು ಮುಂಜಾನೆ ನನ್ನ ಹೆಂಡತಿ ಅಂಬಮ್ಮ ಮಜ್ಜಿಗೆ ಕೊಟ್ಟು ಬನ್ನಿ ಎಂದು ಕಳಿಸಿದಳು. ಅಯ್ಯನ ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ, ಹೋದವರನ್ನು ಕೂಡಿಸುವ ಅದೇ ಗೋಡೆಗೆ, ಪಾರ್ವತೆಮ್ಮ ಪದ್ಮಾಸನ ಹಾಕಿ ಕೂತಿದ್ದಳು. ಎದೆಗೆ ಧೋತರ ಸುತ್ತಿ ಗೂಟಕ್ಕೆ ಕಟ್ಟಿತ್ತು. ಹಣೆ ತುಂಬ ವಿಭೂತಿ, ಅರ್ಧ ಮುಚ್ಚಿದ ಕಣ್ಣು, ಅಂಗೈಯಲ್ಲಿ ಲಿಂಗ. ತುಟಿಯ ಮೇಲೊಂದು ನೊಣ ಕೂತಿತ್ತು. ಆಕೆ ಅದನ್ನು ಓಡಿಸಲಿಲ್ಲ.

ಮಜ್ಜಿಗೆ ಅಲ್ಲೇ ಚೆಲ್ಲಿ ಓಣಿಗೆ ಓಡಿದೆ. ಅಯ್ಯನ ಹೆಂಡತಿ ಹೋದಳೆಂದು ಕಂಡವರಿಗೆಲ್ಲ ಹೇಳಿದೆ. ನಮ್ಮ ಜನಕ್ಕೆ ಇಂಥದ್ದಕ್ಕೆ ತಡವಿಲ್ಲ. ಕ್ಷಣದಲ್ಲಿ ತಾಳ ದಮ್ಮಡಿ ಹಿಡಿದು ಭಜನೆಯವರು ಬಂದರು, ಹೂವು ಬಂತು, ಇಬ್ಬರು ಮುದುಕಿಯರು ಎದೆ ಬಡಿದುಕೊಂಡು ಹಾಡಿಕೊಂಡು ಅಳಲು ಕೂತರು. ಆಕೆಯ ಕೊರಳಿಗೆ ಹಾರ ಹಾಕಿದವನು ನಾನೇ. ಕೈ ತಾಗಿದಾಗ ಕೊರಳು ಬೆಚ್ಚಗಿತ್ತು.

ಪಾರ್ವತೆಮ್ಮ ಮೆಲ್ಲಗೆ ಕಣ್ಣು ತೆರೆದು ನಮ್ಮನ್ನೆಲ್ಲ ನೋಡಿದಳು.

“ಯಾರು ಹೋಗ್ಯಾರ?” ಎಂದಳು.

ತಾಳಗಳು ನೆಲಕ್ಕೆ ಬಿದ್ದವು. ಹಿತ್ತಿಲಿನಿಂದ ಬಿಸಿನೀರಿನ ಕೊಡ ಹೊತ್ತು ಬಂದ ಕರಿಬಸಯ್ಯ ಹೊಸ್ತಿಲಲ್ಲಿ ನಿಂತುಬಿಟ್ಟ. ಆಕೆಯ ಬೆನ್ನು ಇನ್ನೂ ತಾನಾಗಿ ನಿಲ್ಲುತ್ತಿರಲಿಲ್ಲ, ಅದಕ್ಕೇ ಕಟ್ಟಿದ್ದನಂತೆ. ನನಗೆ ಆದ ನಾಚಿಕೆ ಸಣ್ಣದಲ್ಲ. ಹಾರ ಹಾಕಿಸಿಕೊಂಡು ಎದ್ದವಳನ್ನು ನೋಡಿದ ಮೇಲೆ ಓಣಿಯ ಜನ ಆ ಮನೆಯ ಕಡೆ ಕಾಲು ಹಾಕುವುದನ್ನೇ ಬಿಟ್ಟರು.

ಬಂದವಳು ಒಬ್ಬಳೇ, ಸೂಲಗಿತ್ತಿ ಗುಲ್ಷನ್‌ಬೀ. ಮೊಣಕಾಲು ಬಾತು ನಮಾಜಿಗೆ ಕೂರಲು ಆಗುತ್ತಿರಲಿಲ್ಲ. ಅಂಜಿಕೆ ಇಲ್ಲವೇ ಎಂದು ಕೇಳಿದೆ. “ನಮ್ಮನ್ನ ಮಲಗಿಸೇ ಒಯ್ತಾರ ಶಿವಶರಣಪ್ಪ, ಅಂಜಿಕಿ ನಿಮಗಿರಲಿ” ಎಂದಳು. ಅವಳ ಕಾಲು ಹಿಡಿದದ್ದು ಪಾರ್ವತೆಮ್ಮ. ಗಂಡ ತನಗೆ ಮಾಡಿದ್ದನ್ನೆಲ್ಲ ಅವಳಿಗೆ ಮಾಡಿದಳು.

ಒಂದು ವಿಷಯ ನಾನು ಅಂಬಮ್ಮನ ಹೊರತು ಈವರೆಗೆ ಯಾರಿಗೂ ಹೇಳಿಲ್ಲ. ಕರಿಬಸಯ್ಯ ತುರ್ವಿಹಾಳಕ್ಕೆ ಹೋಗಿದ್ದ ದಿನ, ಮುಂಜಾನೆ ಗೋಡೆಯಾಚೆ ಅವನ ದನಿ ಕೇಳಿತು. ಉಸಿರು ಹಿಡಿ, ಉಸಿರು ಬಿಡು. ಹಿಂದಿನ ದಿನ ಅವನನ್ನು ಬಸ್ಸಿಗೆ ಹತ್ತಿಸಿ ಬಂದವನು ನಾನೇ. ಗೋಡೆಯ ಕಿಂಡಿಗೆ ಕಣ್ಣು ಹಚ್ಚಿ ನೋಡಿದರೆ ಒಳಗೆ ಇಬ್ಬರೇ ಹೆಂಗಸರು. ಪಾರ್ವತೆಮ್ಮ ಗುಲ್ಷನ್‌ಬೀಯ ಮೊಣಕಾಲ ಮೇಲೆ ಬಗ್ಗಿ ತುಟಿ ಅಲ್ಲಾಡಿಸುತ್ತಿದ್ದಳು, ಹೊರಬರುತ್ತಿದ್ದ ದನಿ ಕರಿಬಸಯ್ಯನದು. ಬಹಳ ವರ್ಷ ಜೊತೆಗಿದ್ದವರ ದನಿ ಹಾಗಾಗುತ್ತದೆ ಎಂದು ಅಂಬಮ್ಮ ಸಮಾಧಾನ ಹೇಳಿದಳು. ಇಪ್ಪತ್ತು ವರ್ಷದಿಂದ ಜೊತೆಗಿದ್ದೀ, ನಿನ್ನ ದನಿ ಯಾಕೆ ನನ್ನಂತಾಗಿಲ್ಲ ಎಂದು ಅವಳ ಮೇಲೆ ರೇಗಿದೆ.

ಸುಳ್ಳು ಯಾಕೆ ಹೇಳಲಿ, ಆಕೆಗೆ ಗುಣವಾಯಿತು. ಮೂರನೇ ವರ್ಷಕ್ಕೆ ಕಟ್ಟಿನ ಧೋತರ ಬೇಕಿರಲಿಲ್ಲ. ನೆಲಕ್ಕೆ ಕೂತು ರೊಟ್ಟಿ ಬಡಿದಳು, ಸೋಮವಾರ ಗುಡ್ಡ ಹತ್ತಿ ಮಲ್ಲಯ್ಯನಿಗೆ ಕಾಯಿ ಒಡೆಸಿ ಬಂದಳು. ಗುಲ್ಷನ್‌ಬೀ ಐದು ಹೊತ್ತೂ ಕೂರತೊಡಗಿದಳು. ನಾನು ಮಾತ್ರ ಗೋಣಿಚೀಲ ಹೊದ್ದು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತ, ಹಟ ಹಿಡಿದು ಹಾಗೇ ಇದ್ದೆ.

ಐವತ್ಮೂರನೇ ಇಸವಿಯ ಮಾಗಿ. ದಢೇಸುಗೂರಿನಲ್ಲಿ ಯಾರನ್ನೋ ಕೂಡಿಸಲು ಹೋದ ಕರಿಬಸಯ್ಯ ಕೆಲಸ ಮುಗಿಸಿ, ಅಲ್ಲೇ ಕಟ್ಟೆಯ ಮೇಲೆ ಕಂಬಳಿ ಹೊದ್ದು ಮಲಗಿದವನು ಏಳಲಿಲ್ಲ. ಕಾಲುವೆ ಕೆಲಸದ ಲಾರಿಯವರು ಪುಣ್ಯ ಕಟ್ಟಿಕೊಂಡು ಮಧ್ಯಾಹ್ನದ ಹೊತ್ತಿಗೆ ತಂದು ಮುಟ್ಟಿಸಿದರು. ರಾತ್ರಿಯೆಲ್ಲ ಚಳಿಯಲ್ಲಿ ಬಿದ್ದ ಮೈ. ಮೂವತ್ತು ವರ್ಷ ತಪ್ಪದೆ ಕೂತ ಆ ಕಾಲುಗಳೂ ಎಲ್ಲರ ಕಾಲಿನ ಹಾಗೆಯೇ ಸೆಟೆದಿದ್ದವು. ಪಾಪ, ಅವನು ನಂಬಿದ್ದು ತಪ್ಪಾಗಿತ್ತು. ಲಾರಿಯಿಂದ ಇಳಿಸುವಾಗ ಅದನ್ನು ನೋಡಿ ನನಗೆ ಅಳು ಬಂತು.

ಪಕ್ಕದೂರಿನ ಅಯ್ಯ ಬಂದ. ಮೊಣಕಾಲು ಒತ್ತಿ ನೋಡಿ ತಲೆ ಅಲ್ಲಾಡಿಸಿದ. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು, ಬಲ ಹಾಕದೆ ದಾರಿಯಿಲ್ಲ, ಹೆಂಗಸರು ಹೊರಗೆ ಹೋಗಿ ಎಂದ. ಇಬ್ಬರು ಗಟ್ಟಿ ಆಳುಗಳು ಅಂಗಿಯ ತೋಳು ಏರಿಸಿದರು.

ಪಾರ್ವತೆಮ್ಮ ಎದ್ದು ಬಂದು ಗಂಡನ ಕಾಲ ಬಳಿ ಕೂತಳು.

“ಇವ್ರ ಕಾಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ,” ಎಂದಳು.

ಹೆಂಗಸು ಕೂಡಿಸುವ ಪದ್ಧತಿಯಿಲ್ಲ ಎಂದು ಹಿರಿಯರು ಗೊಣಗಿದರು. ಆಕೆ ಅವರ ಕಡೆ ನೋಡಲಿಲ್ಲ. ಗುಲ್ಷನ್‌ಬೀ ಕೇಳದೆಯೇ ಬಿಸಿನೀರು ತಂದಳು. ಅವನನ್ನು ಎತ್ತಿ ಹಿಡಿಯಲು ಒಬ್ಬರು ಬೇಕಿತ್ತು, ಯಾರೂ ಮುಂದೆ ಬರಲಿಲ್ಲ. ನಾನು ಹೋಗಿ ಹಿಂದೆ ಕೂತು, ಅವನ ಬೆನ್ನಿಗೆ ನನ್ನ ಎದೆ ಕೊಟ್ಟು, ಕಂಕುಳಲ್ಲಿ ಕೈ ಹಾಕಿ ಹಿಡಿದೆ. ತಣ್ಣಗಿನ ಬೆನ್ನು ಅಂಗಿ ದಾಟಿ ನನ್ನ ಎದೆಗೆ ತಾಗಿತು.

ಬಿಸಿ ಅರಿವೆ, ಎಣ್ಣೆ, ಮತ್ತೆ ಬಿಸಿ ಅರಿವೆ. ಒಂದು ತಾಸಾಯಿತು. ಬಾಗಿಲ ಬಿಸಿಲು ಗೋಡೆಗೆ ಏರಿತು. ಆಕೆ ಬಲ ಮೊಣಕಾಲ ಹಿಂದೆ ಹೆಬ್ಬೆರಳು ಇಟ್ಟು ಬಗ್ಗಿದಳು.

“ಉಸಿರು ಬಿಡ್ರಿ,” ಎಂದಳು. ಅದು ಅವನದೇ ದನಿ. ಪಡಸಾಲೆಯಲ್ಲಿದ್ದವರೆಲ್ಲ ಕೇಳಿದರು.

ಅವನು ಬಿಟ್ಟ. ನನ್ನ ಎದೆಗೆ ಆನಿದ್ದ ಬೆನ್ನು ಕುಸಿಯಿತು, ಬಾಯಿಂದ ಉದ್ದನೆಯ ಉಸಿರೊಂದು ಹೊರಗೆ ಹೋಯಿತು, ಬಲಗಾಲು ಮಡಚಿತು. ಆಳುಗಳು, ಹಿರಿಯರು, ಪಕ್ಕದೂರಿನ ಅಯ್ಯ, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಓಡಿದರು. ನನಗೂ ಓಡಬೇಕಿತ್ತು. ಬಿಟ್ಟರೆ ಅವನು ಬೀಳುತ್ತಿದ್ದ.

ಪಾರ್ವತೆಮ್ಮ ಮಡಚಿದ ಕಾಲಿನ ಪಾದವನ್ನು ಅವನ ಎಡತೊಡೆಯ ಮೇಲೆ ಇಟ್ಟು, ಎಡ ಮೊಣಕಾಲಿಗೆ ಕೈ ಹಾಕಿದಳು. ಒತ್ತಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದಳು.

“ಶಿವಶರಣಪ್ಪಣ್ಣ, ನೀ ಉಸಿರು ಹಿಡಕೊಂಡೀ,” ಎಂದಳು. “ನೀನೂ ಬಿಡು.”

ಬಿಟ್ಟೆ. ನನ್ನ ಜೊತೆಗೆ ಅವನೂ ಇನ್ನೊಮ್ಮೆ ಬಿಟ್ಟ. ಎಡಗಾಲು ಸದ್ದಿಲ್ಲದೆ ಮಡಚಿತು.